ದಾರಿ ಕಲಿತ ಫಟಫಟಿ

ದೆವ್ವ ಹಿಡಿಯಿತು, ಗಾಳಿ ಸೋಕಿತು ಎಂಬ ಮಾತು ಬಂದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನು. ದನದ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಎತ್ತು ಮೇವು ಬಿಟ್ಟಿದೆ ಎಂದು ಯಾರಾದರೂ ಬಂದರೆ, ದೃಷ್ಟಿ ತೆಗೆಯುವ ಮೊದಲು ಅದರ ನಾಲಗೆ ನೋಡಿ ಎಂದು ಗದರಿಸುವುದು ನನ್ನ ಕಸುಬಿನ ಒಂದು ಭಾಗವೇ ಆಗಿತ್ತು. ದೆವ್ವವನ್ನು ಈಗಲೂ ನಂಬುವುದಿಲ್ಲ. ಆದರೆ ಒಂದು ಬೇಸಿಗೆಯ ಹಾಡಹಗಲು ನಡೆದದ್ದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ತಿಳಿಯದೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೇನೆ. ನೀವು ನಕ್ಕರೆ ನನಗೇನೂ ಸಿಟ್ಟಿಲ್ಲ.

ನಿಜಾಮರ ಆಳ್ವಿಕೆ ಮುಗಿದು ಕೆಲವು ವರ್ಷಗಳಾಗಿದ್ದವು. ಲಿಂಗಸುಗೂರಿನ ನಮ್ಮ ದವಾಖಾನೆಗೆ ಮಿಲಿಟರಿಯವರು ಓಡಿಸಿ ಬಿಟ್ಟಿದ್ದ ಹಳೆಯ ಮೋಟಾರ್ ಸೈಕಲ್ ಒಂದು ಬಂತು. ಜನರ ಬಾಯಲ್ಲಿ ಅದು ಫಟಫಟಿ. ಡಾಕ್ಟರ್ ಸಾಹೇಬರು ಅದರ ಸುತ್ತ ಒಮ್ಮೆ ತಿರುಗಿ, ಸೀಟನ್ನು ಬೆರಳಿನಿಂದ ಒತ್ತಿ ನೋಡಿ, “ಹಳ್ಳಿ ತಿರಗಾವ್ರು ನೀವು, ನೀವೇ ಕಲೀರಿ” ಎಂದು ನನಗೆ ಒಪ್ಪಿಸಿಬಿಟ್ಟರು.

ರಾಯಚೂರಿಗೆ ಹೋಗಿ ಲೈಸೆನ್ಸ್ ತೆಗೆಸಿಕೊಂಡೆ. ಅದು ಸಿಕ್ಕದ್ದು ಒಳ್ಳೆಯ ರಸ್ತೆಯಲ್ಲಿ ಓಡಿಸಿ ತೋರಿಸಿದ್ದಕ್ಕೆ. ನಾನು ಹೋಗಬೇಕಾದ ಹಳ್ಳಿಗಳಿಗೆ ಇದ್ದದ್ದು ಎರೆಹೊಲಗಳ ನಡುವಿನ ಬಂಡಿ ದಾರಿ. ಚಕ್ಕಡಿಯ ಗಾಲಿ ಕೊರೆದ ಕೊರಕಲಿಗೆ ಇಳಿದರೆ ಅದು ಒಯ್ದ ಕಡೆ ಹೋಗಬೇಕು. ಅದನ್ನು ಬಿಟ್ಟು ಆಚೆ ಹೋದರೆ ಯಾರದೋ ಹೊಲ. ಬೆಳೆಯ ಮೇಲೆ ಗಾಲಿ ಹಾಯಿಸಿದವನು ಲೈಸೆನ್ಸ್ ತೋರಿಸಿ ಪಾರಾಗುವಂತಿರಲಿಲ್ಲ.

ಆ ದಾರಿಯ ವಿದ್ಯೆ ಕಲಿಸಲು ಮುಂದೆ ಬಂದವನು ಸಂತೆಕಲ್ಲೂರಿನ ನನ್ನ ಅಮರಪ್ಪ ಕಾಕಾ. ಅವನಿಗೆ ಸೈಕಲ್ ಕೂಡ ಬರುತ್ತಿರಲಿಲ್ಲ. ಎತ್ತು ಪಳಗಿಸುವುದರಲ್ಲಿ ಮಾತ್ರ ಗಟ್ಟಿಗ. ಹೊಸ ಎತ್ತು ತಂದರೆ ಕೂಡಲೇ ಹೂಡದೆ, ಹಗ್ಗ ಹಿಡಿದು ರಸ್ತೆಯಿಂದ ಹಳ್ಳಕ್ಕೆ, ಹಳ್ಳದಿಂದ ಮನೆಗೆ, ಮನೆಯಲ್ಲಿ ಮೇವು ಹಾಕುವ ಗೋದಲಿಯವರೆಗೆ ನಡೆಸಿ ದಾರಿ ತೋರಿಸುತ್ತಿದ್ದ. ಮುಂದೆ ಯಜಮಾನ ಬಂಡಿಯಲ್ಲಿ ನಿದ್ದೆಹೋದರೂ ಎತ್ತು ಮನೆ ಮುಟ್ಟಿಸಬೇಕು ಎಂಬುದು ಅವನ ವಾದ.

“ಇದಕ್ಕೂ ದಾರಿ ತೋರ್ಸಬೇಕು. ಕೆಳಗ ಇಳಿ” ಅಂದ.

“ಕಾಕಾ, ಇದು ಕಬ್ಬಿಣ.”

“ಇರ್ಲಿ ಬಿಡು. ಕಬ್ಬಿಣಕ್ಕ ನಿನ್ನಷ್ಟು ಮಾತು ಬರೂದಿಲ್ಲ. ಹೇಳಿದ್ದು ಕಲೀತೈತಿ.”

ಹ್ಯಾಂಡಲಿಗೆ ಹಗ್ಗ ಕಟ್ಟಿ ಕಾಕಾ ಮುಂದೆ ನಡೆದ, ಹಿಂದಿನಿಂದ ನಾನು ನೂಕಿದೆ. ದಾರಿ ಕವಲೊಡೆಯುವ ಬೇವಿನ ಮರದ ಹತ್ತಿರ, ಮಸ್ಕಿಯ ಕಡೆ ಹೋಗುವ ಕೊರಕಲನ್ನು ಬಿಟ್ಟು ಊರ ಕಡೆಗೆ ತಿರುಗಿಸುವಾಗ ಅದರ ಕಿವಿಯಿದ್ದಿರಬಹುದಾದ ಜಾಗಕ್ಕೆ ಬಾಗಿ ಏನೋ ಹೇಳಿದ. ಹಳ್ಳದಲ್ಲಿ ನೀರು ತೋರಿಸಿದ. ಕೊನೆಗೆ ಮುಂದಿನ ಗಾಲಿಯನ್ನು ಗೋದಲಿಗೆ ತಾಗಿಸಿ ನಿಲ್ಲಿಸಿ, ಮುಂದೆ ಒಂದು ಹಿಡಿ ಜೋಳದ ಕಣಿಕೆ ಇಟ್ಟ. ಬಾವಿಗೆ ಹೊರಟಿದ್ದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನೆಲ ಬಿರಿದು ನನ್ನನ್ನು ನುಂಗಬಾರದೆ ಅನ್ನಿಸಿತು. ಒಂದು ಸಲಕ್ಕೆ ಸಾಲದೆಂದು ಮರುದಿನವೂ ತೋರಿಸಿದ.

ಆ ಬೇಸಿಗೆಯಲ್ಲೇ ದನಗಳಿಗೆ ದೊಡ್ಡ ರೋಗ ಬಂತು. ಪಾಮನಕಲ್ಲೂರಿನಲ್ಲಿ ಕೊಟ್ಟಿಗೆಗಳು ಖಾಲಿಯಾಗತೊಡಗಿದವು. ಸಂತೆಕಲ್ಲೂರಿನಲ್ಲಿ ಇನ್ನೂ ಕಾಲಿಟ್ಟಿರಲಿಲ್ಲ. ಮಕ್ಕಳಿಲ್ಲದ ಕಾಕಾನಿಗೂ ಅವನ ಹೆಂಡತಿ ಚಿಗವ್ವನಿಗೂ ಒಂದು ಜೋಡಿ ಎತ್ತೇ ಮನೆಮಂದಿ. ಚಿಗವ್ವ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲವಂತೆ. ರಾಯಚೂರಿನಿಂದ ಬರ್ಫದಲ್ಲಿಟ್ಟ ಲಸಿಕೆ ಬಸ್ಸಿನಲ್ಲಿ ಬಂದ ಕೂಡಲೇ ಡಬ್ಬಿಯನ್ನು ಫಟಫಟಿಗೆ ಬಿಗಿದು ಹೊರಟೆ. ಬರ್ಫ ಕರಗುವುದರೊಳಗೆ ಮುಟ್ಟಿಸದಿದ್ದರೆ ಲಸಿಕೆ ನೀರಿಗೆ ಸಮ.

ರಸ್ತೆ ಬಿಟ್ಟು ಬಂಡಿ ದಾರಿ ಹಿಡಿದು ಸ್ವಲ್ಪ ದೂರ ಹೋಗಿದ್ದೆ. ಸುಳಿಗಾಳಿ ಎದ್ದಿತು. ಕಣ್ಣು, ಮೂಗು, ಬಾಯಿ ಎಲ್ಲ ಮಣ್ಣು. ಗಾಲಿ ಕಲ್ಲಿಗೆ ಬಡಿಯಿತು. ನಾನು ಹಾರಿ ಬಾರಿಕಂಟಿಯೊಳಗೆ ಬಿದ್ದೆ. ಮುಳ್ಳು ಬಿಡಿಸಿಕೊಂಡು ಎದ್ದು ನೋಡಿದರೆ ಫಟಫಟಿ ಇಲ್ಲ. ಅದರ ಸದ್ದು ಮಾತ್ರ ಬೇವಿನ ಮರದ ಕಡೆಗೆ ದೂರವಾಗುತ್ತಿತ್ತು.

ಓಡಿದೆ. ಡಬ್ಬಿ ಒಡೆದಿದ್ದರೆ ಚಿಗವ್ವನ ಮುಖ ಹೇಗೆ ನೋಡಲಿ ಎಂಬುದೊಂದೇ ತಲೆಯಲ್ಲಿತ್ತು. ಹಳ್ಳದ ಈಚೆ ಬಳೆಗಾರ ಖಾಜಾಸಾಬ್ ಎದುರಾದ. ನನ್ನನ್ನು ನೋಡಿ ಅಲ್ಲೇ ನಿಂತ.

“ಈಗ ಹಳ್ಳದಾಗ ನಿಮಗ ಸಲಾಂ ಹೊಡದೆನಲ್ರೀ. ನೀವು ಹಿಂದಿಂದ ಹ್ಯಾಂಗ ಬರಾಕತ್ತೀರಿ?”

“ಫಟಫಟಿ ಮ್ಯಾಲ ಯಾರಿದ್ರು?”

ಅವನು ತಿರುಗಿ ಹಳ್ಳದ ಕಡೆ ನೋಡಿದ. “ಧೂಳ ಇತ್ರೀ. ಫಟಫಟಿ ನೋಡೀನಿ. ಮ್ಯಾಲ ಯಾರಿದ್ರು ಅಂತ ಕೇಳಿದ್ರ, ಆಣಿ ಮಾಡಾಕ ಆಗೂದಿಲ್ಲ.”

ಕಾಕಾನ ಮನೆ ಮುಟ್ಟಿದಾಗ ಫಟಫಟಿ ಎತ್ತುಗಳ ಪಕ್ಕದಲ್ಲಿ ಗೋದಲಿಗೆ ಆನಿಕೊಂಡು ನಿಂತಿತ್ತು. ಎಂಜಿನ್ ಬಂದ್ ಆಗಿತ್ತು. ಡಬ್ಬಿಯಲ್ಲಿ ಬರ್ಫ ಇನ್ನೂ ಗಟ್ಟಿಯಾಗಿತ್ತು. ಸದ್ದು ಕೇಳಿ ನಾನೇ ಬಂದೆನೆಂದು ಚಿಗವ್ವ ಚೆಂಬಿನಲ್ಲಿ ನೀರು ತಂದಳಂತೆ, ಯಾರೂ ಇರಲಿಲ್ಲವಂತೆ. ಕಾಕಾ ಮಾತ್ರ ಬೆರಗಾಗದೆ ಅದರ ಗಾಲಿ ತೊಳೆದು, ಹಗ್ಗದಿಂದ ಗೂಟಕ್ಕೆ ಕಟ್ಟುತ್ತಿದ್ದ.

“ಅದು ಬಂದು ಎಷ್ಟೊತ್ತಾತು” ಅಂದ. “ನೀ ಎಲ್ಲಿ ಕುಂತಿದ್ದಿ?”

ಹಳೆಯ ಗಾಡಿ, ತಿರುವಿದ ಎಕ್ಸಲರೇಟರ್ ತಿರುವಿದಲ್ಲೇ ಉಳಿದಿರಬಹುದು. ಕೊರಕಲು ಅದನ್ನು ಹಿಡಿದು ಒಯ್ದಿರಬಹುದು. ಇಷ್ಟನ್ನು ನಾನೇ ಹೇಳಬಲ್ಲೆ. ಆದರೆ ಬೇವಿನ ಮರದ ಹತ್ತಿರ ಆಳವಾದ ಕೊರಕಲು ಇದ್ದದ್ದು ಮಸ್ಕಿಯ ಕಡೆಗೆ. ಹಳ್ಳದ ಮರಳಿನಲ್ಲಿ ನಾನು ಮೇಲೆ ಕೂತಿದ್ದಾಗಲೇ ಅದು ನೆಟ್ಟಗೆ ಹೋದದ್ದಿಲ್ಲ. ಯಾರಾದರೂ ಓಡಿಸಿ ತಂದರೇ ಎಂದು ವಿಚಾರಿಸಿದೆ. ಆ ಊರಲ್ಲಿ ಅದನ್ನು ಓಡಿಸಬಲ್ಲವರು ಒಬ್ಬರೂ ಇರಲಿಲ್ಲ. ಮುಂದೆ ಎಷ್ಟೋ ಮೆಕ್ಯಾನಿಕ್‌ಗಳನ್ನು ಕೇಳಿದೆ. ಎಲ್ಲರೂ ನಾನು ಆ ದಿನ ಏನು ಕುಡಿದಿದ್ದೆ ಎಂದು ಕೇಳಿದರು.

ಮೊದಲು ಕಾಕಾನ ಜೋಡಿಗೆ, ಆಮೇಲೆ ಹೊತ್ತು ಮುಳುಗುವವರೆಗೆ ಊರ ದನಗಳಿಗೆಲ್ಲ ಸೂಜಿ ಹಾಕಿದೆ. ಆ ವರ್ಷ ಸಂತೆಕಲ್ಲೂರಿನ ಕೊಟ್ಟಿಗೆಗಳು ತುಂಬಿಯೇ ಉಳಿದವು. ಆ ಸಂಜೆ ಕೊನೆಯ ಆಕಳಿಗೂ ಸೂಜಿ ಹಾಕಿ ಸಾಮಾನು ಕಟ್ಟುತ್ತಿರುವಾಗ ಕಾಕಾ ಬಂದು ಫಟಫಟಿಯ ಹ್ಯಾಂಡಲನ್ನು, ಹೋರಿಯ ಕೊಂಬು ಹಿಡಿಯುವಂತೆ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತ.

“ಇದಕ್ಕೂ ಒಂದು ಹಾಕು” ಅಂದ. ಅವನು ನಗುತ್ತಿರಲಿಲ್ಲ.

ಲಸಿಕೆ ಒಂದು ಹನಿಯೂ ಉಳಿದಿರಲಿಲ್ಲ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಖಾಲಿ ಸೂಜಿಯನ್ನು ಸೀಟಿನ ತೊಗಲಿಗೆ ಚುಚ್ಚಿ ತೆಗೆದೆ. ಚುಚ್ಚುವ ಮೊದಲು, ಹೆದರದಿರಲಿ ಎಂದು, ಅದರ ಬೆನ್ನು ತಟ್ಟಿದೆ.