ದೇವರ ಟಗರು ಹಳ್ಳ ದಾಟಿದ ದಿನ

ಟಗರು ತಾನಾಗಿ ಎದ್ದು ಬಂತು ಎನ್ನುವುದು ಸುಳ್ಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ವಾದ ಆಮೇಲೆ.

ನಮ್ಮ ಕಡೆಯ ಮದುವೆ ಮನೆಗಳಲ್ಲಿ ಎಲೆ ಹಾಕುವ ತನಕ ಹೊತ್ತು ಹೋಗಬೇಕಲ್ಲ, ಆಗ ನನ್ನ ದೊಡ್ಡಪ್ಪ ಈ ಕಥೆ ತೆಗೆಯುತ್ತಾರೆ. "ಸೈಕ್ಲೋನ್ ಬರ್ತೈತೆ ಅಂತ ಟೀವಿಯೋರಿಗೆ ಗೊತ್ತಾಗಕ್ಕೆ ಮುಂಚೆ ನಮ್ ಟಗರಿಗೆ ಗೊತ್ತಾತು ನೋಡ್ರಪ್ಪ. ಎದ್ದು ನಿಂತು, ಮೈ ಕೊಡವಿ, ಸೀದಾ ಹಳ್ಳಕ್ಕಿಳೀತು. ಹಿಂದೆ ಇಡೀ ಮಂದೆ!" ಹಿರಿಯೂರು ತಾಲ್ಲೂಕಿನ ನಮ್ಮೂರಲ್ಲಿ ಹುಟ್ಟಿದ ಈ ಕಥೆ ಹೊಳಲ್ಕೆರೆಯ ಬೀಗರ ಮನೆ ಹೊಕ್ಕು, ಹೊಸದುರ್ಗ ಮುಟ್ಟುವಷ್ಟರಲ್ಲಿ ಟಗರಿನ ಎರಡು ಕೊಂಬಿನ ನಡುವೆ ಬೆಳಕೂ ಕಾಣಿಸಿಕೊಂಡಿತ್ತು.

ನಾನು ದುರ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಿಂತು, ಕಪ್ಪು ಗೆದ್ದು ಬೆಳೆದವಳು. ಎದುರಿನವರ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲು ಒಪ್ಪಿಕೊಳ್ಳಬೇಕು, ಆಗ ಉಳಿದದ್ದನ್ನು ಬೀಳಿಸುವುದು ಸುಲಭ ಎಂದು ಅಲ್ಲಿ ಕಲಿತಿದ್ದೇನೆ. ಒಪ್ಪುತ್ತೇನೆ: ಟಗರು ಮುಂದಿತ್ತು, ಮಂದೆ ಹಿಂದಿತ್ತು, ಒಂದು ಮರಿಯೂ ಸಾಯಲಿಲ್ಲ. ಆದರೆ ಆ ಕಥೆಯಲ್ಲಿ ನನ್ನ ಅವ್ವ ಇಲ್ಲ. ನನ್ನ ತಕರಾರು ಅಷ್ಟೇ.

ಗೊತ್ತಿಲ್ಲದವರಿಗೆ ಟಗರಿನ ವಿಷಯ ಹೇಳಬೇಕು. ನಮ್ಮದು ಕುರಿ ಸಾಕುವ ಮನೆ. ಮಂದೆಯಲ್ಲಿ ಒಂದು ಟಗರನ್ನು ದೇವರಿಗೆಂದು ಬಿಟ್ಟಿರುತ್ತೇವೆ. ಅದಕ್ಕೆ ಹೊಡೆಯುವಂತಿಲ್ಲ, ಬೈಯುವಂತಿಲ್ಲ, ಯಾರ ಹೊಲ ಮೇಯ್ದರೂ ಕೇಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಕೊರಳಿಗೆ ಹಗ್ಗ ಹಾಕುವಂತಿಲ್ಲ. ಹಾಕಿದವರು ದೇವರ ಮುಂದೆ ತಪ್ಪು ಒಪ್ಪಿಕೊಂಡು ಕಾಣಿಕೆ ಕಟ್ಟುವ ತನಕ ಆ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ. ಹೀಗೆ ಯಾರ ಮಾತೂ ಕೇಳದೆ ಬೆಳೆದ ಪ್ರಾಣಿಗೆ ಸಹಜವಾಗಿಯೇ ಒಂದು ಗತ್ತು ಬಂದುಬಿಡುತ್ತದೆ. ಆ ಗತ್ತು ನೋಡಿಯೇ ಏನೋ, ಮಂದೆ ಅದರ ಹಿಂದೆ ಮಾತ್ರ ಹೋಗುತ್ತದೆ.

ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ, ನಮ್ಮ ಜಿಲ್ಲೆಗೂ ಗಾಳಿ ಮಳೆ ಇದೆ ಎಂಬ ಸುದ್ದಿ ಬಂದಾಗ ನಾನು ರಜೆಗೆಂದು ಊರಲ್ಲಿದ್ದೆ. ದೊಡ್ಡಪ್ಪ ನಕ್ಕರು. "ಸಮುದ್ರ ಎಲ್ಲೈತೆ, ನಾವೆಲ್ಲಿದೀವಿ! ಅದು ಇಲ್ಲಿಗೆ ಬರಾಕೆ ಬಸ್ ಹತ್ತಬೇಕು." ಅವ್ವ ನಗಲಿಲ್ಲ. ಫೋನಿನಲ್ಲಿ ಮೋಡದ ಚಿತ್ರವನ್ನು ನನ್ನಿಂದ ಎರಡು ಸಲ ತೆಗೆಸಿ ನೋಡಿದಳು. ಆಮೇಲೆ ರಾಗಿ ಡಬ್ಬಿ ನನ್ನ ತಲೆಗೆ ಹೊರಿಸಿ ಗಿರಣಿಗೆ ಅಟ್ಟಿದಳು. ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಗಿರಣಿ ನಿಂತರೆ ಮುದ್ದೆ ಇಲ್ಲ. ಅವಳ ಸಿದ್ಧತೆ ಶುರುವಾಗಿದ್ದು ಅಲ್ಲಿಂದ.

ನಮ್ಮ ಮನೆಗೆ ಇನ್ನೂ ಮಣ್ಣಿನ ಮಾಳಿಗೆ. ತೊಲೆ ಜಂತೆಯ ಮೇಲೆ ಮಣ್ಣು ಹಾಕಿ ಚಪ್ಪಟೆಯಾಗಿ ಗಟ್ಟಿ ಮಾಡಿದ್ದು. ಕೆರೆ ಹಿಂದಿನ ಚೌಳು ಮಣ್ಣನ್ನು ಅದರ ಮೇಲೆ ಹರಡಿದರೆ ನೀರು ಒಳಗೆ ಇಳಿಯದೆ ಜಾರಿ ಹೋಗುತ್ತದೆ. ಆ ವರ್ಷ ಮಣ್ಣು ಹಾಕಿಸುವುದು ತಪ್ಪಿತ್ತು. ಅವ್ವ ಮಣ್ಣು ಹೊರುವ ಪುಟ್ಟಿ ತಂದು ನನ್ನ ಮುಂದಿಟ್ಟಳು.

"ಶೀಟು ಹಾಕಿಸಿದ್ರೆ ಈ ಗೋಳೇ ಇರಲ್ಲ ಅಂತ ನಾನು ಹೋದ ವರ್ಷನೇ ಹೇಳಿದ್ದೆ," ಎಂದೆ.

"ಹೇಳಿದ್ದೆ ಕಣವ್ವ. ನಿನ್ ಬಾಯಿಗೆ ಕಪ್ ಕೊಟ್ಟೋರು ಕೈಗೇನು ಕೊಟ್ಟವ್ರೆ? ತಗ, ಹೊರು."

ಹೊತ್ತೆ. ಇಬ್ಬರೂ ಮಾಳಿಗೆಯ ಮೇಲೆ ಮಣ್ಣು ಹರಡಿ, ನೀರು ಚಿಮುಕಿಸಿ, ಅಂಚಿನಿಂದ ಅಂಚಿಗೆ ತುಳಿದೆವು. ಬೆಳಕಿಂಡಿಯ ಮೇಲೆ ಹಳೇ ಗಡಿಗೆ ಬೋರಲು ಹಾಕಿದೆವು. ಬಚ್ಚಲಿನ ಶೀಟಿಗೆ, ಕಟ್ಟಿಗೆ ರಾಶಿಗೆ, ನೀರಿನ ಡ್ರಮ್ಮಿಗೆ ಮನೆಯಲ್ಲಿದ್ದ ಹಗ್ಗವೆಲ್ಲ ಖರ್ಚಾಯಿತು. ಉಳಿದ ಒಂದು ನೀಲಿ ನೈಲಾನ್ ಹಗ್ಗವನ್ನು ಹಳ್ಳದಾಚೆಯ ಶೇಂಗಾ ಬಳ್ಳಿಯ ಬಣವೆಗೆ ಟಾರ್ಪಾಲ್ ಹೊದಿಸಿ ಬಿಗಿಯಲು ಒಯ್ದೆವು. ಬೇಸಿಗೆ ಮುಗಿಯುವ ತನಕ ಕುರಿಗೆ ಅದೇ ಮೇವು. ಗಂಟು ಹಾಕಿದವಳು ನಾನು. ಈ ಗಂಟನ್ನು ನೆನಪಿಟ್ಟುಕೊಳ್ಳಿ.

ಬಣವೆಯ ಪಕ್ಕದಲ್ಲೇ ರೊಪ್ಪ, ಎಂದರೆ ಮುಳ್ಳು ಬೇಲಿ ಕಟ್ಟಿ ಕುರಿ ಕೂಡುವ ಜಾಗ. ಮರುದಿನ ಮಧ್ಯಾಹ್ನ ಹನಿ ಶುರುವಾದಾಗ ಮಂದೆ ಇನ್ನೂ ಅಲ್ಲೇ ಇತ್ತು. ಮನೆಗೂ ರೊಪ್ಪಕ್ಕೂ ನಡುವೆ ಹಳ್ಳ. ಮೇಲೆಲ್ಲೋ ಆಗಲೇ ಮಳೆಯಾಗಿತ್ತು. ವರ್ಷವಿಡೀ ಮರಳಾಗಿ ಬಿದ್ದಿರುವ ಹಳ್ಳದಲ್ಲಿ ಪಾದ ಮುಳುಗುವಷ್ಟು ಕೆಂಪು ನೀರು ಹರಿಯುತ್ತಿತ್ತು. ಮೊಣಕಾಲಿಗೆ ಬಂದರೆ ಮಂದೆ ಆಚೆಯೇ. ರಾತ್ರಿಯಿಡೀ ಚಳಿಮಳೆಗೆ ಸಿಕ್ಕರೆ ಎಳೆ ಮರಿ ಒಂದೂ ಉಳಿಯುವುದಿಲ್ಲ. ಇದು ಅಪ್ಪನಿಗೂ ಗೊತ್ತಿತ್ತು, ದೊಡ್ಡಪ್ಪನಿಗೂ ಗೊತ್ತಿತ್ತು.

ಮರಿಗಳನ್ನು ಕಂಬಳಿಯಲ್ಲಿ ಕಟ್ಟಿಕೊಂಡು ನಾನು, ಅವ್ವ ಈಚೆ ದಡಕ್ಕೆ ಸಾಗಿಸಿದೆವು. ತಾಯಿಕುರಿಗಳು ನೀರಿನ ಅಂಚಿಗೆ ಬಂದು ಅರಚಿ, ತಿರುಗಿ ಮಂದೆಯೊಳಗೆ ಹೋದವು. ಅಪ್ಪ ಬೇರೊಂದು ಟಗರನ್ನು ಕೊಂಬು ಹಿಡಿದು ಎಳೆದ. ಅದು ನೀರಿಗೆ ಕಾಲಿಟ್ಟರೂ ಉಳಿದವು ಕದಲಲಿಲ್ಲ. ಎಲ್ಲವೂ ನೋಡುತ್ತಿದ್ದದ್ದು ರೊಪ್ಪದ ಬಾಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ದೇವರ ಟಗರನ್ನು.

"ಏಳಪ್ಪಾ, ತಂದೆ," ಎಂದು ದೊಡ್ಡಪ್ಪ ಕೈ ಮುಗಿದರು. "ಹೋಗಾಣ ನಡಿಯಪ್ಪ ಮನಿಗೆ."

ಟಗರು ಕಿವಿ ಅಲ್ಲಾಡಿಸಿತು.

"ಅದಕ್ಕೆ ಮನಸು ಬರಬೇಕು," ಎಂದ ಅಪ್ಪ.

"ಮನಸು ಬರೋದ್ರಾಗೆ ನೀರು ಬರ್ತೈತೆ ಅಪ್ಪಾ. ಹಗ್ಗ ಹಾಕಿ ಎಳೀರಿ," ಎಂದೆ ನಾನು.

"ಲೇ, ಬಾಯಿ ಮುಚ್ಚು!" ಇಬ್ಬರೂ ಒಟ್ಟಿಗೆ ಗದರಿದರು. ನಾನು ಗೆದ್ದ ಕಪ್ಪುಗಳಲ್ಲಿ ಒಂದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಅವ್ವ ಬಣವೆಯತ್ತ ಹೋದಳು. ನಾನು ಬಿಗಿದ ಗಂಟನ್ನು ಬಿಚ್ಚಿದಳು. ತಾನೇ ಹೊರೆ ಹೊರೆಯಾಗಿ ಹೊತ್ತು ಒಟ್ಟಿದ ಮೇವು ಅದು. ಅದರ ಕಡೆ ಒಂದು ಸಲ ನೋಡಿದಳು, ಹಗ್ಗ ಕೈಗೆ ಸುತ್ತಿಕೊಂಡು ಬಂದಳು.

ಅವ್ವ ದೊಡ್ಡಪ್ಪನ ಜತೆ ನೇರವಾಗಿ ಮಾತಾಡುವವಳಲ್ಲ, ಗಂಡನ ಅಣ್ಣ. ಹೇಳಬೇಕಾದ್ದನ್ನು ನನಗೆ ಹೇಳಿದಂತೆ ಮಾಡಿ ಅವರ ಕಿವಿಗೆ ಹಾಕುತ್ತಾಳೆ. ಆ ದಿನವೂ ನನ್ನ ಕಡೆ ತಿರುಗಿದಳು. "ನಿಮ್ ದೊಡ್ಡಪ್ಪಾರಿಗೂ ನಿಮ್ಮಪ್ಪಗೂ ಹೇಳು, ಮೋಡ ಯಾವ ಕಡೀಗ್ ಹೊಂಟೈತೆ ಅಂತ ಒಂದೀಟು ನೋಡ್ಲಿ ಅಂತ."

ನಾನು ಹೇಳಬೇಕಾಗಲಿಲ್ಲ. ಇಬ್ಬರೂ ತಿರುಗಿ ನಿಂತು ತಲೆ ಎತ್ತಿದರು. ಅಷ್ಟು ಶ್ರದ್ಧೆಯಿಂದ ಮೋಡ ನೋಡಿದ ಗಂಡಸರನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಮೂಡಲಿಂದ ಬರ್ತೈತೆ," ಎಂದರು ದೊಡ್ಡಪ್ಪ ಆಕಾಶಕ್ಕೆ.

"ಹೂಂ ಅಣ್ಣ, ಮೂಡಲಿಂದಲೇ," ಎಂದ ಅಪ್ಪ.

ಅವರ ಬೆನ್ನ ಹಿಂದೆ ಅವ್ವ ಟಗರಿನ ಕೊರಳಿಗೆ ಹಗ್ಗ ಹಾಕಿ, ಕಚ್ಚೆ ಬಿಗಿದು, ಎಳೆದಳು. ಟಗರು ಜನ್ಮದಲ್ಲೇ ಮೊದಲ ಸಲ ಅಂಥದ್ದನ್ನು ಕಂಡಿತ್ತು. ಎದ್ದು ಗುದ್ದಿತು. ಅವ್ವ ಕೆಸರಲ್ಲಿ ಮಂಡಿಯೂರಿ ಬಿದ್ದಳು, ಹಗ್ಗ ಬಿಡಲಿಲ್ಲ. "ದೇವರಾದ್ರೆ ನಿನ್ ಮಕ್ಕಳ್ನ ಕಾಯಿ, ಇಲ್ಲಾಂದ್ರೆ ನನ್ ಹಿಂದೆ ಬಾ," ಎಂದು ಬೈದುಕೊಂಡೇ ನೀರಿಗಿಳಿದಳು. ನಾನು ಹಿಂದಿನಿಂದ ನೂಕಿದೆ. ಟಗರಿನ ನಾಲ್ಕೂ ಕಾಲು ನೀರಿಗೆ ಬಿದ್ದ ಕೂಡಲೇ ಬೆನ್ನ ಹಿಂದೆ ಮಂದೆ ಗುಂಯ್ ಅಂತ ಎದ್ದಿತು, ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿಕೊಂಡು ಇಳಿಯಿತು.

ಈಚೆ ದಡದ ಹೊಂಗೆ ಮರದ ಹತ್ತಿರ, ಊರ ಬೀದಿ ಕಾಣುವ ಮೊದಲು, ಅವ್ವ ಹಗ್ಗ ಬಿಚ್ಚಿ ಕಂಬಳಿಯೊಳಗೆ ಸೇರಿಸಿದಳು. ಅಲ್ಲಿಂದ ಟಗರು ನಿಜಕ್ಕೂ ತಾನಾಗಿಯೇ ನಡೆಯಿತು. ಬೀದಿಯವರು ಕಂಡದ್ದು ಅಷ್ಟನ್ನೇ. ಅಪ್ಪ, ದೊಡ್ಡಪ್ಪ ಕಂಡದ್ದು ಮೋಡವನ್ನು. ಈ ಕಥೆಯಲ್ಲಿ ಯಾರೂ ಸುಳ್ಳು ಹೇಳಿಲ್ಲ, ಆದರೂ ಕಥೆ ಸುಳ್ಳು. ಇಂಥ ಪ್ರಕರಣ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ.

ಆ ಮಳೆಯಲ್ಲಿ ಪಡಸಾಲೆ, ಅಡುಗೆಮನೆ, ನಡುಮನೆ ಎಲ್ಲ ಕುರಿಯೇ. ಒದ್ದೆ ಉಣ್ಣೆಯ ವಾಸನೆಯಲ್ಲಿ ಮುದ್ದೆ ಉಂಡೆವು. ಮರಿಗಳು ಒಲೆಯ ಸುತ್ತ ಮಲಗಿದವು. ನಾನು ತುಳಿದ ಮಾಳಿಗೆ ಒಂದು ತೊಟ್ಟೂ ಸೋರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ, ದೊಡ್ಡಪ್ಪ ಎಲ್ಲೂ ದಾಖಲಿಸಿಲ್ಲ. ಮಳೆ ಬಿಟ್ಟ ಮೇಲೆ ಹೋಗಿ ನೋಡಿದರೆ ರೊಪ್ಪದ ಬೇಲಿ ಕೊಚ್ಚಿಹೋಗಿತ್ತು, ಬಣವೆ ನೆನೆದು ಕಪ್ಪಾಗಿತ್ತು. ದೊಡ್ಡಪ್ಪನ ಕಥೆಯಲ್ಲಿ ಟಾರ್ಪಾಲನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆ. ಗಾಳಿ ಗಂಟು ಬಿಚ್ಚಿ, ಹಗ್ಗವನ್ನು ಮಡಚಿ ನಮ್ಮ ಮನೆಯ ಗೂಟಕ್ಕೆ ನೇತು ಹಾಕುತ್ತದೆಯೇ ಎಂದು ನಾನು ಒಂದು ಮದುವೆಯಲ್ಲಿ ಕೇಳಬೇಕೆಂದಿದ್ದೆ. ಬಡಿಸುತ್ತಿದ್ದ ಅವ್ವ ಸಾರಿನ ಸೌಟು ಹಿಡಿದೇ ನನ್ನನ್ನು ನೋಡಿದಳು. ಪ್ರಶ್ನೆಯನ್ನು ಅನ್ನದ ಜತೆ ನುಂಗಿದೆ. ಆ ಬೇಸಿಗೆ ನಾವಿಬ್ಬರೂ ಬೇವು, ಜಾಲಿ ಸೊಪ್ಪು ಕಡಿದು ತಂದು ಕುರಿ ಉಳಿಸಿಕೊಂಡೆವು. ಕೈಗೆ ಮುಳ್ಳು ಚುಚ್ಚಿದಾಗಲೆಲ್ಲ ನನಗೆ ಹೆಮ್ಮೆಯೇ ಆಗುತ್ತಿತ್ತು. ಮೇವು ಹೋಗುತ್ತದೆ ಎಂದು ಗೊತ್ತಿದ್ದೇ, ತಪ್ಪು ತನ್ನ ತಲೆಗೆ ಬರುತ್ತದೆ ಎಂದು ಗೊತ್ತಿದ್ದೇ ಗಂಟು ಬಿಚ್ಚಿದವಳ ಮಗಳು ನಾನು.

ಇದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಕ ಹೋಗು. ನಮ್ಮೂರಾಗೆ ಪುಸ್ತಕ ಓದೋರು ಯಾರವ್ರೆ?" ಅಂದಳು. ಅದು ಒಪ್ಪಿಗೆಯೋ, ನನ್ನ ಬರವಣಿಗೆಯ ಮೇಲಿನ ವಿಮರ್ಶೆಯೋ ಗೊತ್ತಾಗಲಿಲ್ಲ.

ಈ ವರ್ಷ ಮತ್ತೆ ಸುದ್ದಿ ಬಂದಿದೆ. ರಾಗಿ ಹಿಟ್ಟಾಗಿದೆ, ಮಾಳಿಗೆಗೆ ಮಣ್ಣು ಬಿದ್ದಿದೆ, ಶೀಟು, ಡ್ರಮ್ಮು, ಬಣವೆ ಎಲ್ಲ ಬಿಗಿದಾಗಿದೆ. ದೊಡ್ಡಪ್ಪ ಈ ಸಲ ನಗಲಿಲ್ಲ, ಬೆಳಿಗ್ಗೆಯಿಂದ ಕಟ್ಟುತ್ತಲೇ ಇದ್ದಾರೆ. ಈಗ ಬಾಗಿಲಿಗೆ ಬಂದು, "ಹಗ್ಗ ಸಾಲವಲ್ದು, ಇನ್ನೊಂದೈತೇನ್ರವ್ವ?" ಎಂದರು. ಬಾಗಿಲ ಹಿಂದಿನ ಗೂಟದಲ್ಲಿ, ಕಂಬಳಿಯ ಅಡಿಯಲ್ಲಿ, ನೀಲಿ ಹಗ್ಗ ಇಣುಕುತ್ತಿತ್ತು. ದೊಡ್ಡಪ್ಪ ಅದನ್ನು ನೋಡಿದರು, ಬೇಕು ಅನ್ನಲಿಲ್ಲ. ಮೆಲ್ಲಗೆ ಅಂಗಳದ ಕಡೆ ತಿರುಗಿ ಮೋಡದತ್ತ ತಲೆ ಎತ್ತಿದರು. ಅವ್ವ ಒಲೆ ಊದುತ್ತಿದ್ದಳು.

"ಅವ್ವಾ, ಇಲ್ಲೊಂದು ಐತಲ್ಲ, ಇದ್ನ ಯಾರಿಗೆ ಅಂತ ಇಟ್ಟಿದೀಯ?" ಎಂದೆ ನಾನು, ದೊಡ್ಡಪ್ಪನಿಗೂ ಕೇಳುವಂತೆ.