ಹಿಂದೆ ಕೂತವನು

ನಮ್ಮ ಓಣಿಯ ಡ್ರಮ್ಮರ್ ಎಂದರೆ, ಮನೆಮಾತಾದ ರಾಕ್ ಬ್ಯಾಂಡಿನಲ್ಲಿ ಮೊದಲ ದಿನದಿಂದಲೂ ಎಲ್ಲರ ಹಿಂದೆ ಕೂತವನು. ಕಾರ್ ಶೆಡ್ಡಿನಲ್ಲಿ ಶುರುವಾದ ಬ್ಯಾಂಡು ಈಗ ಸ್ಟೇಡಿಯಂ ತುಂಬಿಸುತ್ತದೆ. ಇವನ ಕೈ ಮಾತ್ರ ಇನ್ನೂ ಊಟದ ಮೇಜು ಬಡಿಯುವುದನ್ನು ಬಿಟ್ಟಿಲ್ಲ. ಹಲ್ಲುಜ್ಜಿದರೂ ತಾಳ, ಕದ ತಟ್ಟಿದರೂ ತಾಳ. “ತಟ್ಟೆ ಇರೋದು ಊಟಕ್ಕೆ ಕಣ್ರೀ!” ಎಂದು ಹೆಂಡತಿ ಗದರಿದರೆ, “ಇರೇ, ಹಾಡು ಮುಗೀಲಿ” ಎನ್ನುತ್ತಾನೆ. ಅಭಿಮಾನಿಗಳು ಓಡಿಬಂದು ಇವನ ಕೈಗೇ ಫೋನು ತುರುಕಿ, “ಅಣ್ಣಾ, ಗಾಯಕರ ಜೊತೆ ನಮ್ದೊಂದು ಫೋಟೋ ತೆಗೀರಿ” ಎನ್ನುತ್ತಾರೆ. ಇವನು ಹಾಡು ಶುರುಮಾಡುವ ಹಾಗೆಯೇ “ಒನ್, ಟೂ, ತ್ರೀ, ಫೋರ್” ಎಂದು ಎಣಿಸಿ, ಖುಷಿಯಾಗಿ ತೆಗೆದುಕೊಡುತ್ತಾನೆ. “ಬೇಜಾರಾಗಲ್ವೇನೋ?” ಎಂದು ಒಮ್ಮೆ ಕೇಳಿದೆ. ಉತ್ತರ ಸಿಕ್ಕಿದ್ದು ಅವರ ಕಾರ್ಯಕ್ರಮ ನೋಡಲು ಹೋದಾಗ, ಸ್ಟೇಡಿಯಮ್ಮಿನಲ್ಲಿ. ಅಷ್ಟು ಸಾವಿರ ಕಣ್ಣು ಗಾಯಕನ ಮೇಲಿದ್ದವು. ಆ ಗಾಯಕ ಬಾಯಿ ತೆರೆಯುವ ಮುನ್ನ ಜನಕ್ಕೆ ಬೆನ್ನು ತಿರುಗಿಸಿ, ಇವನು ಹೂಂ ಎಂದು ತಲೆಯಾಡಿಸುವುದನ್ನೇ ಕಾಯುತ್ತಿದ್ದ.