ಬೇಯದೆ ಉಳಿದ ಕ್ಯಾರೆಟ್

ಠಣ್ ಎಂದು ಗಾಜಿನ ಮುಚ್ಚಳ ಮಡಕೆಯ ಅಂಚಿನ ಮೇಲೆ ಕೂತಿತು. ಬೆಳಗಿನ ಐದು ಗಂಟೆಗೆ ಲವೋನಳ ಅಡುಗೆಮನೆಯಲ್ಲಿ ಕೇಳುವ ಕೊನೆಯ ಸದ್ದು ಅದು. ಅದಾದ ಮೇಲೆ ಸಂಜೆ ಐದೂವರೆಯವರೆಗೆ ಆ ಸದ್ದು ಮತ್ತೆ ಆಗಬಾರದು. ಸ್ಲೋ ಕುಕರ್ ಎಂಬ ಆ ಕರೆಂಟಿನ ಮಡಕೆಗೆ ಒಂದೇ ಒಂದು ನಿಯಮ. ಮುಚ್ಚಿದ್ದನ್ನು ಮುಚ್ಚಿದ ಹಾಗೇ ಬಿಡಬೇಕು. ಒಮ್ಮೆ ಮುಚ್ಚಳ ಎತ್ತಿದರೆ ಅರ್ಧ ಗಂಟೆಯ ಬೇಗೆ ಹಾರಿಹೋಗುತ್ತದೆ ಎಂದು ನಮ್ಮ ನೆಬ್ರಾಸ್ಕಾದ ಕಡೆ ಮಕ್ಕಳಿಗೂ ಗೊತ್ತು.

ಲವೋನ್ ಶಾಲೆಯ ಬಸ್ ಓಡಿಸುತ್ತಾಳೆ. ಅರವತ್ತೊಂದು ವಯಸ್ಸು. ಬೆಳಿಗ್ಗೆ ಉತ್ತರದ ಹೊಲಮನೆಗಳಿಂದ ಇಪ್ಪತ್ತೆರಡು ಮಕ್ಕಳನ್ನು ಕರೆತರುತ್ತಾಳೆ, ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾಳೆ, ಮೂರೂವರೆಗೆ ಮಕ್ಕಳನ್ನು ಮತ್ತೆ ಮನೆಮನೆಗೆ ಬಿಟ್ಟು ಬರುತ್ತಾಳೆ. ಅದಕ್ಕೇ ಅವಳ ಮನೆಯ ರಾತ್ರಿಯೂಟ ಕತ್ತಲಿರುವಾಗಲೇ ಶುರುವಾಗುತ್ತದೆ. ಮೊದಲು ತಳಕ್ಕೆ ಹೆಬ್ಬೆರಳು ದಪ್ಪದ ಕ್ಯಾರೆಟ್ ತುಂಡುಗಳು, ಅವುಗಳ ಮೇಲೆ ಸಿಪ್ಪೆ ತೆಗೆಯದ ಆಲೂಗೆಡ್ಡೆ, ನಾಲ್ಕು ಹೋಳು ಮಾಡಿದ ಈರುಳ್ಳಿ. ಗಟ್ಟಿ ತರಕಾರಿ ಬೇಯಲು ತಡ, ಅದು ಬಿಸಿಗೆ ಹತ್ತಿರ ಇರಬೇಕು. ಆಮೇಲೆ ದನದ ಹೆಗಲಿನ ಮಾಂಸ, ಮೂರು ಪೌಂಡಿನದು ಒಂದೇ ತುಂಡು, ಉಪ್ಪು ಮೆಣಸು ತಿಕ್ಕಿದ್ದು. ಹಿಂದಿನ ದಿನ ಉಳಿದ ಕಪ್ಪು ಕಾಫಿ ಅರ್ಧ ಲೋಟ. ಅಷ್ಟೇ. ಉಳಿದದ್ದನ್ನು ಹೊತ್ತು ನೋಡಿಕೊಳ್ಳುತ್ತದೆ.

ಮೂವತ್ತನಾಲ್ಕು ವರ್ಷ ಹೊತ್ತು ಅದನ್ನು ಸರಿಯಾಗಿಯೇ ನೋಡಿಕೊಂಡಿತ್ತು. ಈ ಮಾರ್ಚಿನಲ್ಲಿ ಕ್ಯಾರೆಟ್ ಬೇಯಲಿಲ್ಲ.

ಮೊದಲ ದಿನ ಕ್ಯಾರೆಟ್ಟನ್ನೇ ಬೈದಳು. ಎರಡನೆಯ ದಿನ ಇನ್ನೂ ಸಣ್ಣಗೆ ಹೆಚ್ಚಿದಳು. ಐದನೆಯ ದಿನ ಶಾಲೆಯ ಅಡುಗೆಮನೆಯ ತೊಟ್ಟಿಯ ಮುಂದೆ ನಿಂತು ಟ್ರೂಡಿಗೆ ಹೇಳಿದಳು. ಟ್ರೂಡಿ ಅವಳ ಜೊತೆ ಹನ್ನೆರಡು ವರ್ಷದಿಂದ ತಟ್ಟೆ ಒರೆಸುವವಳು.

"ಇವತ್ತೂ ಗಟ್ಟೀನಾ?" ಟ್ರೂಡಿ ಕೇಳಿದಳು.

"ಹಲ್ಲಿಗೆ ಸಿಕ್ಕಿದ್ರೆ ಕಟ್ ಅನ್ನುತ್ತೆ ಕಣೇ."

"ಮಡಕೆಗೆ ವಯಸ್ಸಾಯ್ತು ಬಿಡು. ನಿನ್ನ ಹಾಗೇ."

"ಮಡಕೆ ಸರಿಯಾಗೇ ಇದೆ. ಭಾನುವಾರ ನಾನು ಮನೇಲಿರ್ತೀನಲ್ಲ, ಅವತ್ತು ಬೆಣ್ಣೆ ಥರ ಬೇಯುತ್ತೆ. ನಾನಿಲ್ಲದ ದಿನ ಮಾತ್ರ ಬೇಯಲ್ಲ."

ಟ್ರೂಡಿ ಒರೆಸುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಯಾರೋ ಮುಚ್ಚಳ ಎತ್ತುತ್ತಿದಾರೆ. ವೆಂಡೆಲ್?"

"ಅವನು ಆ ಕಡೆ ಹೋಗೇ ಇಲ್ಲ ಅಂತಾನೆ. ಕುರ್ಚಿ ಬಿಟ್ಟು ಏಳಲ್ವಂತೆ."

ವೆಂಡೆಲ್ ಲವೋನಳ ಗಂಡ. ಹೊಲಮನೆಗಳಿಗೆ ಲಾರಿಯಲ್ಲಿ ಗ್ಯಾಸ್ ಕೊಂಡೊಯ್ದು ಹಿತ್ತಿಲ ಟ್ಯಾಂಕುಗಳಿಗೆ ತುಂಬುವುದು ಅವನ ಕೆಲಸ. ಭುಜದ ಆಪರೇಷನ್ ಆಗಿ ಆರು ವಾರದಿಂದ ಎಡಗೈಯನ್ನು ಕೊರಳಿಗೆ ಬಿಗಿದ ಬಟ್ಟೆಯ ಜೋಳಿಗೆಯಲ್ಲಿ ಇಟ್ಟುಕೊಂಡು ಮನೆಯಲ್ಲಿದ್ದ. ಬರುವ ಸೋಮವಾರ ಮತ್ತೆ ಲಾರಿ ಹತ್ತಬೇಕಿತ್ತು.

"ಅವನಲ್ಲ ಅಂದ್ರೆ," ಟ್ರೂಡಿ ಧ್ವನಿ ತಗ್ಗಿಸಿದಳು, "ಈ ಊರಲ್ಲಿ ಮುಚ್ಚಳ ಎತ್ತೋ ಚಟ ಇರೋದು ಒಬ್ಬಳಿಗೇ. ನಾನೇನೂ ಹೇಳ್ತಿಲ್ಲಪ್ಪ."

ಹೇಳಬೇಕಾಗಿಯೂ ಇರಲಿಲ್ಲ. ಈಸ್ಟರಿಗೆ ಮುಂಚಿನ ಬುಧವಾರಗಳಲ್ಲಿ ಚರ್ಚಿನ ನೆಲಮಾಳಿಗೆಯ ಊಟಕ್ಕೆ ಎಲ್ಲರೂ ತಮ್ಮ ತಮ್ಮ ಮಡಕೆ ತಂದು ಉದ್ದ ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಪ್ರಾರ್ಥನೆ ಮುಗಿಯುವುದಕ್ಕೂ ಮುಂಚೆ ಆ ಸಾಲಿನುದ್ದಕ್ಕೂ ಒಂದೊಂದೇ ಮುಚ್ಚಳ ಎತ್ತಿ ಇಣುಕುತ್ತ ಹೋಗುವವಳು ಗ್ಲೆಂಡಾ. ಗಂಡ ಸತ್ತು ಎರಡು ವರ್ಷ. ಲವೋನಳ ಎದುರುಮನೆ. ಹಗಲೆಲ್ಲ ಒಬ್ಬಳೇ. ನಮ್ಮೂರಲ್ಲಿ ಯಾರೂ ಹಿಂಬಾಗಿಲಿಗೆ ಬೀಗ ಹಾಕುವುದಿಲ್ಲ.

ಬೇರೆ ಹೆಂಗಸಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಲವೋನಳಿಗೆ ಅನುಮಾನ ತವರಿನ ಬಳುವಳಿ. ಅವಳ ಅಪ್ಪ ಊರೂರು ತಿರುಗಿ ಬಿತ್ತನೆ ಜೋಳ ಮಾರುತ್ತಿದ್ದ. ಬೇಸಿಗೆಯಲ್ಲಿ ಮನೆಗೆ ಬರುವುದೇ ಕಡಿಮೆ. "ಬೇಸಿಗೇಲಿ ಅವರಿಗೆ ಕೆಲಸ ಜಾಸ್ತಿ" ಎಂದು ಅಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಅಪ್ಪ ಸತ್ತ ದಿನ ಚರ್ಚಿನ ಮೂರನೆಯ ಸಾಲಿನಲ್ಲಿ ಒಬ್ಬ ಅಪರಿಚಿತ ಹೆಂಗಸು ಕೂತಿದ್ದಳು, ಜೊತೆಗೆ ಇಬ್ಬರು ಮಕ್ಕಳು. ಇಬ್ಬರಿಗೂ ಅಪ್ಪನದೇ ಗಲ್ಲ. ಊರಿನವರು ಯಾರೂ ಬೆರಗಾಗಲಿಲ್ಲ, ಅಮ್ಮನೊಬ್ಬಳನ್ನು ಬಿಟ್ಟು. ಹತ್ತೊಂಬತ್ತರ ಲವೋನ್ ಅವತ್ತು ಅಮ್ಮನ ಮುಖ ನೋಡಿ ಒಂದು ನಿರ್ಧಾರ ಮಾಡಿದ್ದಳು. ತನ್ನ ಮನೆಯ ಸುದ್ದಿ ತನಗೇ ಕೊನೆಗೆ ತಿಳಿಯುವ ಹಾಗೆ ಎಂದೂ ಬಾಳುವುದಿಲ್ಲ.

ಆರನೆಯ ದಿನ ಅವಳು ಉಗುರಿಗೆ ಹಚ್ಚುವ ಕೆಂಪು ಬಣ್ಣ ತೆಗೆದು ಮುಚ್ಚಳದ ಅಂಚಿಗೆ ಒಂದು ಚುಕ್ಕೆ, ಮಡಕೆಯ ಅಂಚಿಗೆ ಒಂದು ಚುಕ್ಕೆ ಇಟ್ಟಳು. ಎರಡನ್ನೂ ಒಂದರ ಕೆಳಗೊಂದು ಬರುವಂತೆ ಕೂರಿಸಿದಳು. ಸಂಜೆ ಬಂದು ನೋಡಿದಾಗ ಚುಕ್ಕೆಗಳ ನಡುವೆ ನಾಲ್ಕು ಬೆರಳಿನ ಅಂತರವಿತ್ತು.

"ಯಾರಾದ್ರೂ ಬಂದಿದ್ರಾ?" ಎಂದು ಕೇಳಿದಳು.

"ಯಾರು ಬರ್ತಾರೆ?" ವೆಂಡೆಲ್ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಅಂಚೆಯವನೂ ಬಾಗಿಲಿಗೆ ಬರಲ್ಲ."

ಅವನು ಬಡಿಸಿದ್ದನ್ನು ತಲೆ ಎತ್ತದೆ ತಿಂದ, ಗಟ್ಟಿ ಕ್ಯಾರೆಟ್ಟನ್ನೂ. ಮೊದಲಾದರೆ ಏನಾದರೊಂದು ಹೇಳುತ್ತಿದ್ದ. ಉಪ್ಪು ಮುಂದು ಎನ್ನುತ್ತಿದ್ದ, ಇವತ್ತು ಕಾಫಿ ಹೆಚ್ಚಾಯಿತು ಎನ್ನುತ್ತಿದ್ದ. ಈಗ ತಟ್ಟೆ ಖಾಲಿ ಮಾಡಿ, "ಚೆನ್ನಾಗಿತ್ತು" ಎಂದ. ಅದನ್ನೂ ಲವೋನ್ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ತಪ್ಪು ಮಾಡಿದ ಗಂಡಸು ಊಟವನ್ನು ಹೊಗಳುತ್ತಾನೆ. ಅಪ್ಪ ಹೊಗಳುತ್ತಿದ್ದ.

ಮರುದಿನ ಶಾಲೆಯಿಂದಲೇ ಫೋನ್ ಮಾಡಿದಳು.

"ಎಲ್ಲಿದೀಯ?"

"ಎಲ್ಲಿರ್ತೀನಿ? ಕುರ್ಚೀಲಿ."

"ಮಡಕೆ ಹೇಗಿದೆ?"

"ಮನೆಯೆಲ್ಲ ಘಮ ಘಮ ಮಾರಾಯ್ತಿ."

ಆಗ ಅವನ ಮಾತಿನ ಹಿಂದೆ ಆ ಸದ್ದು ಕೇಳಿತು. ಠಣ್.

ಲವೋನ್ ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದಳು. ಕುರ್ಚಿ ಇರುವುದು ಟಿವಿಯ ಕೋಣೆಯಲ್ಲಿ. ಮಡಕೆ ಇರುವುದು ಅಡುಗೆಮನೆಯಲ್ಲಿ. ಅವನು ಕುರ್ಚಿಯಲ್ಲಿ ಕೂತಿದ್ದರೆ ಮುಚ್ಚಳ ಎತ್ತಿದ ಕೈ ಯಾರದು?

ಗುರುವಾರ ಬೆಳಿಗ್ಗೆ ಅವಳು ಎಂದಿನಂತೆ ಕ್ಯಾರೆಟ್ ಹೆಚ್ಚಿದಳು, ಆಲೂಗೆಡ್ಡೆ ಹಾಕಿದಳು, ಈರುಳ್ಳಿ ಹಾಕಿದಳು. ಮಾಂಸವನ್ನು ಮಾತ್ರ ಫ್ರಿಜ್ಜಿನ ಹಿಂಭಾಗದಲ್ಲಿ, ಹಾಲಿನ ಡಬ್ಬದ ಹಿಂದೆ ಇಟ್ಟಳು. ಅನುಮಾನಕ್ಕಾಗಿ ಮೂರು ಪೌಂಡ್ ಮಾಂಸ ಕೆಡಿಸುವ ಹೆಂಗಸಲ್ಲ ಅವಳು. ಮುಚ್ಚಳ ಇಟ್ಟಳು. ಸ್ವಿಚ್ ಹಾಕಲಿಲ್ಲ.

ಹತ್ತೂಮುಕ್ಕಾಲಿಗೆ ಫೋನ್ ಮಾಡಿದಳು. ಟ್ರೂಡಿ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದಳು.

"ಹೇಗಿದೆ?"

"ಘಮ ಘಮ ಅಂತಿದೆ. ಬೀದಿವರೆಗೂ ಹೋಗಿರುತ್ತೆ ವಾಸನೆ."

"ಮಾಂಸದ್ದಾ?"

"ಮತ್ತಿನ್ಯಾವುದು? ಬಾಯಲ್ಲಿ ನೀರು ಬರ್ತಿದೆ."

ಲವೋನ್ ಫೋನನ್ನು ಏಪ್ರನ್ನಿನ ಜೇಬಿಗೆ ಹಾಕಿದಳು. ಕೈ ಒರೆಸಿಕೊಂಡಳು, ಒಂದೊಂದೇ ಬೆರಳು.

"ಅವನು ಮನೇಲಿಲ್ಲ," ಎಂದಳು.

"ಎಲ್ಲಿಗೆ ಹೊರಟೆ?"

"ಮನೆಗೆ."

"ಬಸ್ಸಲ್ಲಿ? ಕೆಲಸ ಹೋಗುತ್ತೆ ಕಣೇ."

"ಹೋಗ್ಲಿ."

ಸ್ವಂತ ಕೆಲಸಕ್ಕೆ ಶಾಲೆಯ ಬಸ್ ಮುಟ್ಟಬಾರದು ಎಂಬ ನಿಯಮವನ್ನು ಅವಳು ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಮುರಿದಳು. ಅರವತ್ತು ಸೀಟಿನ ಹಳದಿ ಬಸ್ಸಿನಲ್ಲಿ ಕೂತು ಕಳ್ಳಹೆಜ್ಜೆ ಇಡಲು ಆಗುವುದಿಲ್ಲ. ಆದ್ದರಿಂದ ಅದನ್ನು ಜೋಳದ ಉಗ್ರಾಣದ ಹಿಂದೆ ನಿಲ್ಲಿಸಿ, ಕರಗುತ್ತಿದ್ದ ಹಿಮದ ಕೆಸರು ತುಳಿಯುತ್ತ ನಡೆದಳು. ಸ್ವಂತ ಮನೆಗೆ ಹೋಗಲಿಲ್ಲ. ಎದುರುಮನೆಯ ಬಾಗಿಲು ತಟ್ಟಿದಳು.

ಗ್ಲೆಂಡಾ ಕೂದಲು ಗುಂಗುರು ಮಾಡುವ ಸುರುಳಿಗಳನ್ನು ತಲೆಗೆ ಸುತ್ತಿಕೊಂಡೇ ಬಾಗಿಲು ತೆರೆದಳು. "ಏನೇ ಇಷ್ಟು ಹೊತ್ತಲ್ಲಿ? ಬಸ್ ಎಲ್ಲಿ?"

"ವೆಂಡೆಲ್ ಇಲ್ಲಿದಾನಾ?"

"ಇಲ್ಲಿ ಯಾಕಿರ್ತಾನೆ?" ಗ್ಲೆಂಡಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಅರ್ಥವಾಯಿತು. ತುಟಿಯ ಕೊನೆಯಲ್ಲಿ ನಗು ಬಂತು. "ಅಯ್ಯೋ, ನಿನ್ನ ಗಂಡನ್ನ ಇಟ್ಕೊಂಡು ನಾನೇನು ಮಾಡ್ಲಿ? ಒಂದು ಕೈ ಬೇರೆ ಇಲ್ಲ."

"ನಮ್ಮನೆಗೆ ಹೋಗಿದ್ದೆಯಾ ಈ ವಾರ?"

"ನಾನು ಮುಚ್ಚಳ ಎತ್ತೋದು ಚರ್ಚಲ್ಲಿ, ಎಲ್ಲರ ಎದುರಿಗೆ. ಕದ್ದು ಎತ್ತೋದಿಲ್ಲ." ನಗು ಹೋಯಿತು. "ನೀನು ಕೇಳಿದೆ ಅಂತ ಹೇಳ್ತೀನಿ. ನಿಮ್ಮ ಅಡುಗೆಮನೆ ಕಿಟಕೀಲಿ ದಿನಾ ಕಾಣ್ತಾನೆ. ತಲೆ ಬಗ್ಗಿಸ್ಕೊಂಡು, ಕಣ್ಣು ಮುಚ್ಕೊಂಡು, ತುಂಬ ಹೊತ್ತು ನಿಂತಿರ್ತಾನೆ. ಪ್ರಾರ್ಥನೆ ಮಾಡ್ತಾನೇನೋ ಅಂದ್ಕೊಂಡಿದ್ದೆ."

ಲವೋನ್ ಬೀದಿ ದಾಟಿ ಹಿಂಬಾಗಿಲಿನಿಂದ ಒಳಗೆ ಹೋದಳು.

ವೆಂಡೆಲ್ ಮಡಕೆಯ ಮುಂದೆಯೇ ಇದ್ದ. ಬಲಗೈಯಲ್ಲಿ ಮುಚ್ಚಳ. ಕಟ್ಟೆಯ ಮೇಲೆ ಕಾಫಿಪುಡಿಯ ಡಬ್ಬ ತೆರೆದಿತ್ತು, ಪಕ್ಕದಲ್ಲಿ ಅರ್ಧ ಈರುಳ್ಳಿ, ಲವಂಗದ ಸೀಸೆ, ಅವಳ ಭಾನುವಾರದ ಸೆಂಟಿನ ಬಾಟಲಿ. ಅವನು ಬೆಚ್ಚಲಿಲ್ಲ.

"ಮಾಂಸ ಇಲ್ಲ ಇದರಲ್ಲಿ," ಎಂದ.

"ಫ್ರಿಜ್ಜಲ್ಲಿದೆ."

"ಸ್ವಿಚ್ಚೂ ಹಾಕಿಲ್ಲ."

"ಇಲ್ಲ."

"ಫೋನ್ ಇಟ್ಟ ಮೇಲೆ ಬಂದು ನೋಡಿದೆ." ಅವನು ಮುಚ್ಚಳವನ್ನು ಒಂದೇ ಕೈಯಲ್ಲಿ ಕೆಳಗಿಟ್ಟ. ಠಣ್ ಎಂದಿತು. "ಹಿಡಿದುಬಿಟ್ಟೆ ಬಿಡು."

"ಏನನ್ನ ಹಿಡಿದೆ ಅಂತ ನನಗಿನ್ನೂ ಗೊತ್ತಿಲ್ಲ. ನೀನೇ ಹೇಳು."

ಅವನು ತಣ್ಣಗಿನ ಕ್ಯಾರೆಟ್ಟನ್ನೇ ನೋಡುತ್ತ ಹೇಳಿದ. "ಜನವರೀಲಿ ಜ್ವರ ಬಂತಲ್ಲ. ಅದು ಹೋಗುವಾಗ ವಾಸನೇನೂ ತಗೊಂಡು ಹೋಯ್ತು. ಏನೂ ಬರಲ್ಲ ಲವೋನ್. ನಿನ್ನ ತಲೆದಿಂಬಿಂದೂ ಬರಲ್ಲ. ಕೆಲಸಕ್ಕೆ ಹೋಗೋ ದಿನ ಹತ್ತಿರ ಬಂದ ಮೇಲೆ ದಿನಕ್ಕೆ ಮೂರು ಸಲ ಇದನ್ನ ಎತ್ತಿ ಮುಖ ಇಡ್ತೀನಿ. ಅವತ್ತು ನೀನು ಫೋನ್ ಮಾಡಿದಾಗಲೂ ಫೋನನ್ನ ಕಟ್ಟೆ ಮೇಲಿಟ್ಟು ಎತ್ತಿದ್ದೆ. ಇವತ್ತು ಬರುತ್ತೇನೋ ಅಂತ. ಬರೋದಾದ್ರೆ ಮೊದಲು ಇದೇ ಬರುತ್ತೆ ಅಂತ ಏನೋ ಒಂದು ಆಸೆ."

ಅವಳು ಕರಗಲಿಲ್ಲ. ಒಳ್ಳೆಯ ಕಾರಣಗಳನ್ನು ಅವಳು ಅಪ್ಪನ ಬಾಯಲ್ಲೂ ಕೇಳಿದ್ದಳು. ಕಾಫಿಪುಡಿಯ ಡಬ್ಬ ತೆಗೆದುಕೊಂಡಳು, ಹಿಟ್ಟಿನ ಡಬ್ಬ ತೆಗೆದುಕೊಂಡಳು.

"ಕಣ್ಣು ಮುಚ್ಚು. ಯಾವುದು ಕಾಫಿ?"

ವೆಂಡೆಲ್ ಕಣ್ಣು ಮುಚ್ಚಿದ. ಒಂದಕ್ಕೆ ಮೂಗು ಇಟ್ಟ, ಇನ್ನೊಂದಕ್ಕೆ ಇಟ್ಟ, ಮತ್ತೆ ಮೊದಲನೆಯದಕ್ಕೆ ಬಂದ. ಹೊಳ್ಳೆಗಳು ಅರಳಿದವು. ಹಣೆಯಲ್ಲಿ ಗೆರೆ ಎದ್ದಿತು. ಕತ್ತಲ ಬಾವಿಯಲ್ಲಿ ಬಿದ್ದ ಬಿಂದಿಗೆಯನ್ನು ಹಗ್ಗ ಬಿಟ್ಟು ತಡಕುವವನ ಹಾಗೆ ಇದ್ದ. ಸುಳ್ಳು ಹೇಳುವವನು ಅಷ್ಟು ಕಷ್ಟಪಡುವುದಿಲ್ಲ.

"ಇದು," ಎಂದು ಹಿಟ್ಟಿನ ಡಬ್ಬವನ್ನೇ ಮುಟ್ಟಿದ. ಮೂಗಿನ ತುದಿಗೆ ಹಿಟ್ಟು ಹತ್ತಿತ್ತು.

ಲವೋನ್ ಏಪ್ರನ್ನಿನ ಅಂಚಿನಿಂದ ಅದನ್ನು ಒರೆಸಿದಳು. ಒಂದು ಕ್ಷಣ ಕೈ ಅವನ ಕೆನ್ನೆಯ ಮೇಲೆ ನಿಂತಿತು. ಆಮೇಲೆ ತೆಗೆದಳು.

"ಸೋಮವಾರ ಲಾರಿ ಹತ್ತುತ್ತೀಯಾ?"

"ಹತ್ತದೆ? ಪೆನ್ಷನ್ನಿಗೆ ಇನ್ನು ಮೂರೇ ವರ್ಷ."

"ಗ್ಯಾಸ್ ಸೋರಿದ್ರೆ ಹೇಗೆ ಗೊತ್ತಾಗುತ್ತೆ?"

"ಮೀಟರಿದೆ. ಪೈಪಿಗೆ ಸೋಪಿನ ನೀರು ಹಚ್ಚಿದ್ರೆ ಗುಳ್ಳೆ ಏಳುತ್ತೆ. ಮೂಗೇ ಬೇಕು ಅಂತಿಲ್ಲ."

"ಗುಳ್ಳೆ ನೋಡೋದು ಎಲ್ಲಿ ಸೋರ್ತಿದೆ ಅಂತ. ಸೋರ್ತಿದೆ ಅಂತ ಮೊದಲು ಹೇಳೋದು ಮೂಗು. ಇದನ್ನ ನೀನೇ ನನಗೆ ಹೇಳಿಕೊಟ್ಟಿದ್ದು, ಮದುವೆಯಾದ ವರ್ಷ." ಅವಳ ಧ್ವನಿ ಏರಲಿಲ್ಲ. "ಯಾರದೋ ನೆಲಮಾಳಿಗೆಗೆ ಇಳಿದು, ಎಲ್ಲ ಸರಿಯಾಗಿದೆ ಅಂತ ಹೇಳಿ ಬರ್ತೀಯಾ? ನನಗೆ ಹೇಳಿದ ಹಾಗೆ?"

"ವಾಪಸ್ ಬರುತ್ತೆ ಅಂತಾರೆ. ಕೆಲವರಿಗೆ ಆರು ತಿಂಗಳಾಗುತ್ತಂತೆ."

"ಇವತ್ತೇ ಡೆನ್ನಿಗೆ ಫೋನ್ ಮಾಡ್ತೀಯ. ನಾನು ಎದುರಿಗೆ ನಿಂತಿರ್ತೀನಿ." ಡೆನ್ನಿ ಗ್ಯಾಸ್ ಲಾರಿಗಳ ಮೇಲ್ವಿಚಾರಕ.

"ನಾನೇ ಹೇಳ್ತೀನಿ ಸೋಮವಾರ. ನಂಬಿಕೆ ಇಲ್ವಾ ನಿನಗೆ?"

"ಘಮ ಘಮ ಅಂದವನು ನೀನು."

ಲವೋನ್ ಫ್ರಿಜ್ಜಿನ ಬಾಗಿಲು ತೆರೆದು ಮಾಂಸ ತೆಗೆದು ಕ್ಯಾರೆಟ್ಟಿನ ಮೇಲೆ ಇಟ್ಟಳು. ಕಾಫಿ ಸುರಿದಳು, ಸ್ವಿಚ್ ಹಾಕಿದಳು. ಮುಚ್ಚಳ ಇಡಲು ಹೋದವಳ ಕಣ್ಣು ಪಕ್ಕದ ಗ್ಯಾಸ್ ಒಲೆಯ ಮೇಲೆ ಬಿತ್ತು. ಹಿಂದಿನ ಬರ್ನರಿನ ಮೇಲೆ ಅವನ ಕಾಫಿಯ ಪಾತ್ರೆ ಇತ್ತು. ಜನವರಿಯಿಂದ ಮಾರ್ಚಿನವರೆಗೆ ಎಣಿಸಿದಳು. ಮುಂಜಾನೆ ಅವಳು ಹೋದ ಮೇಲೆ ಹಗಲೆಲ್ಲ ಈ ಮನೆಯಲ್ಲಿ ಒಲೆ, ನೆಲಮಾಳಿಗೆಯಲ್ಲಿ ಮನೆ ಕಾಯಿಸುವ ಗ್ಯಾಸಿನ ಕುಲುಮೆ, ಹಿತ್ತಿಲಲ್ಲಿ ಗ್ಯಾಸಿನ ಬಿಳಿ ಟ್ಯಾಂಕು, ಮತ್ತು ಇವನು.

"ಬೆಳಿಗ್ಗೆ ಒಲೆ ಹಚ್ಚಿದ್ದೆಯಾ?"

"ಹಚ್ಚಿದ್ದೆ. ಆರಿಸಿದೆ."

"ಆರಿಸಿದ್ದು ನೋಡಿದೆಯಾ?"

"ಆರಿಸ್ತೀನಿ ದಿನಾ."

ಅವಳು ಒಲೆಯ ಮೇಲೆ ಬಗ್ಗಿದಳು. ಒಂದೊಂದೇ ಬರ್ನರಿನ ಹತ್ತಿರ ಮೂಗು ಒಯ್ದಳು, ಹಿಂದಿನ ಪೈಪಿನ ಹತ್ತಿರ ಒಯ್ದಳು. ಏನೂ ಇರಲಿಲ್ಲ. ಅಥವಾ ಇದ್ದೂ ಈರುಳ್ಳಿ, ಲವಂಗ, ಸೆಂಟುಗಳ ನಡುವೆ ಅಡಗಿತ್ತು. ಅವಳು ನೆಟ್ಟಗೆ ನಿಂತು ನೆಲಮಾಳಿಗೆಯ ಬಾಗಿಲ ಕಡೆ ನೋಡಿದಳು.

"ಕೇಳಿಲ್ಲಿ," ವೆಂಡೆಲ್ ಹೇಳುತ್ತಿದ್ದ, "ಡೆನ್ನಿ ಕೆಟ್ಟವನಲ್ಲ. ಲಾರಿ ಬೇಡ, ಆಫೀಸಲ್ಲೇ ಏನಾದ್ರೂ ಕೊಡು ಅಂತ ಕೇಳ್ಬಹುದು. ಆದ್ರೆ ಇವತ್ತೇ ಬೇಡ, ನಾಳೆ ಊಟ ಆದ ಮೇಲೆ ಇಬ್ಬರೂ ಕೂತು, ನಿಧಾನಕ್ಕೆ, ಅವನಿಗೆ ಹೇಗೆ ಹೇಳೋದು ಅಂತ..."

ಲವೋನ್ ಆ ಬಾಗಿಲು ತೆರೆದಳು. ಸ್ವಿಚ್ಚಿನ ಕಿಡಿಗೆ ಹೆದರಿ ದೀಪ ಹಾಕಲಿಲ್ಲ. ಗೋಡೆಗೆ ಒಂದು ಕೈ ಕೊಟ್ಟು, ಮುಖ ಮುಂದೆ ಮಾಡಿ, ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಳ್ಳುತ್ತ ಮೆಟ್ಟಿಲು ಇಳಿಯತೊಡಗಿದಳು. ಮೇಲೆ ಅವನು ಇನ್ನೂ ಮಾತಾಡುತ್ತಲೇ ಇದ್ದ.